ಗಜನಿ ಭೂಮಿಗೆ ಕಾಂಡ್ಲ ಗಿಡದ ಕಾವಲು

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿಯು ಸಮುದ್ರವನ್ನು ಸೇರುವ ಅಳಿವೆಯ ಇಕ್ಕೆಲಗಳಲ್ಲಿ ಗಜನಿ ಎಂಬ ತಗ್ಗು ಗದ್ದೆಗಳಿವೆ. ಮಳೆಯ ನೀರು ಮಣ್ಣಿನ ಉಪ್ಪನ್ನು ತೊಳೆದಮೇಲೆ ಇಲ್ಲಿ ಉಪ್ಪು ತಾಳುವ ಕಗ್ಗ ಭತ್ತವನ್ನು ಬೆಳೆಯುವ ರೂಢಿಯುಂಟು. ಕೊಯ್ಲಾದ ತರುವಾಯ ಉಬ್ಬರದ ನೀರನ್ನು ಒಳಬಿಟ್ಟು ಮೀನು ಸೀಗಡಿಗಳನ್ನು ಹಿಡಿಯುವರು.

ಈ ಎರಡು ಫಸಲುಗಳಿಗೂ ಕಾವಲಾಗಿರುವುದು ದಂಡೆಯ ಕೆಸರಿನಲ್ಲಿ ಬೆಳೆಯುವ ಕಾಂಡ್ಲ ಗಿಡ. ಇದರ ಬೇರುಗಳು ಅಲೆಯ ಹೊಡೆತವನ್ನು ತಗ್ಗಿಸಿ, ಗೋಡನ್ನು ಹಿಡಿದಿಟ್ಟು, ಮಣ್ಣಿನ ಕಟ್ಟೆಯನ್ನು ಉಳಿಸುವುವು. ಸೀಗಡಿಯು ಕಡಲಿನಲ್ಲಿ ಮೊಟ್ಟೆಯಿಡುವುದು. ಮರಿಗಳು ಉಬ್ಬರದೊಡನೆ ಅಳಿವೆಯನ್ನು ಹೊಕ್ಕು, ಈ ಬೇರುಗಳ ನಡುವೆ ಮೇದು ಬೆಳೆದು, ಮರಳಿ ಕಡಲಿಗೆ ಹೋಗುವುವು. ಆದುದರಿಂದ ಸೌದೆಗಾಗಿ ಕಾಂಡ್ಲವನ್ನು ಕಡಿಯುವವನು ತನ್ನ ಕಟ್ಟೆಯನ್ನು ಬಲಗೆಡಿಸುವುದಲ್ಲದೆ, ಕಡಲಿನ ಮೀನುಗಾರರ ಜೀವನಕ್ಕೂ ಹಾನಿಯನ್ನುಂಟುಮಾಡುವನು.

2024ರಲ್ಲಿ ಈ ಅಳಿವೆಯು ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೂ ದಿನದಿನದ ರಕ್ಷಣೆಯು ಊರವರ ಕೈಯಲ್ಲಿಯೇ ಇದೆ. ಅದಕ್ಕಾಗಿ ಅನುಸರಿಸತಕ್ಕ ಕ್ರಮಗಳು:

1. ಕಟ್ಟೆಯ ಹೊರಮಗ್ಗುಲಿನ ಕಾಂಡ್ಲವನ್ನು ಕಡಿಯಕೂಡದು.

2. ಕಾಂಡ್ಲದ ಕೆಲವು ಜಾತಿಗಳಲ್ಲಿ ಬೀಜವು ತಾಯಿಗಿಡದಲ್ಲಿಯೇ ಮೊಳೆತು ಕೋಲಿನಂತೆ ಜೋಲುವುದು. ಬಲಿತ ಮೊಳಕೆಗಳನ್ನು ಆರಿಸಿ, ದಂಡೆಯು ಬರಿದಾಗಿರುವೆಡೆಯಲ್ಲಿ, ನೀರಿಳಿದಾಗ, ಮೂರರಲ್ಲೊಂದು ಪಾಲು ಕೆಸರಿನೊಳಗಿರುವಂತೆ ನೆಡತಕ್ಕದ್ದು.

3. ತೂಬಿನ ಬಾಯಿಗೆ ಸಣ್ಣ ಕಣ್ಣಿನ ಬಲೆಯನ್ನು ಕಟ್ಟದೆ, ಮರಿಗಳನ್ನು ಹೊಳೆಗೆ ಹೋಗಗೊಡಬೇಕು.

ಒಬ್ಬನ ಕಟ್ಟೆ ಒಡೆದರೆ ಉಪ್ಪುನೀರು ನೆರೆಯವರ ಗದ್ದೆಗೂ ನುಗ್ಗುವುದು. ಆದಕಾರಣ ಗ್ರಾಮದ ಮುಖಂಡರೂ ಭೂಮಾಲಿಕರೂ ಕೂಡಿ ಈ ಕ್ರಮಗಳನ್ನು ಊರ ಕಟ್ಟಳೆಯಾಗಿ ನಡೆಸುವುದು ಲೇಸು.