ಕೆಂಡದ ವಿಷಾನಿಲ: ಆಕ್ಸಿಮೀಟರ್ ಒಂದನ್ನೇ ನಂಬಬೇಡಿ

ಕೋವಿಡ್ ಕಾಲದಲ್ಲಿ ನಮ್ಮ ಅನೇಕ ಮನೆಗಳಿಗೆ ಪಲ್ಸ್ ಆಕ್ಸಿಮೀಟರ್ ಬಂತು. ಬೆರಳಿಗೆ ಕ್ಲಿಪ್ ಹಾಕಿ 98 ಕಂಡರೆ ಮನಸ್ಸಿಗೆ ನೆಮ್ಮದಿ. ಆದರೆ ಒಂದು ವಿಷದ ವಿಷಯದಲ್ಲಿ ಈ 98 ನಿಮಗೆ ಮೋಸ ಮಾಡುತ್ತದೆ. ಆ ವಿಷವೇ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಚಳಿಗಾಲದ ಬಾಣಂತಿ ಕೋಣೆಯನ್ನು ನೆನಪಿಸಿಕೊಳ್ಳಿ. ಕಿಟಕಿ, ಬಾಗಿಲು ಮುಚ್ಚಿವೆ. ಮಂಚದ ಬಳಿ ಕೆಂಡ, ಅದರ ಮೇಲೆ ಚಿಟಿಕೆ ಲೋಬಾನ. ಬೆಳಿಗ್ಗೆ ತಾಯಿಗೆ ತಲೆನೋವು, ವಾಕರಿಕೆ. ಜೊತೆಗೆ ಮಲಗಿದ್ದ ಅಜ್ಜಿಗೆ ತಲೆಸುತ್ತು. ಜ್ವರವಿಲ್ಲ. ಕ್ಲಿಪ್ ಹಾಕಿದರೆ 98. 'ನಿದ್ದೆಗೆಟ್ಟದ್ದಕ್ಕೆ ಹೀಗೆ' ಎಂದು ಮತ್ತೆ ಅದೇ ಕೋಣೆಯಲ್ಲಿ ಮಲಗುತ್ತಾರೆ. ಅಪಾಯವಿರುವುದು ಇಲ್ಲೇ. ಬಚ್ಚಲುಮನೆಯೊಳಗಿನ ಗ್ಯಾಸ್ ಗೀಸರ್, ಮನೆಯೊಳಗೆ ಓಡುವ ಜನರೇಟರ್, ಮುಚ್ಚಿದ ಶೆಡ್ಡಿನಲ್ಲಿ ಚಾಲೂ ಇಟ್ಟ ಕಾರು, ಹುಕ್ಕಾದ ಇದ್ದಿಲು ಕೂಡ ಇದೇ ಅನಿಲವನ್ನು ಹೊರಬಿಡುತ್ತವೆ.

ಕ್ಲಿಪ್ ಏಕೆ ತಪ್ಪುತ್ತದೆ?

ರಕ್ತದ ಹಿಮೋಗ್ಲೋಬಿನ್‌ಗೆ ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸಾಮಾನ್ಯ ಆಕ್ಸಿಮೀಟರ್ ಎರಡೇ ಬಗೆಯ ಬೆಳಕಿನಿಂದ, ಅಂದರೆ ಕೆಂಪು ಮತ್ತು ಅವಗೆಂಪು ಬೆಳಕಿನಿಂದ, ಅಳೆಯುತ್ತದೆ. ಕೆಂಪು ಬೆಳಕಿಗೆ ಈ ವಿಷ ಹೊತ್ತ ಹಿಮೋಗ್ಲೋಬಿನ್ ಆಮ್ಲಜನಕ ಹೊತ್ತದ್ದರಂತೆಯೇ ಕಾಣುತ್ತದೆ. ಹೀಗಾಗಿ ವಿಷವೂ ಆಮ್ಲಜನಕದ ಲೆಕ್ಕಕ್ಕೇ ಸೇರಿಬಿಡುತ್ತದೆ. ನಬ್ಝ್ ನೋಡುವ ನನ್ನ ಬೆರಳಿಗೂ ಈ ವಿಷ ಸಿಗುವುದಿಲ್ಲ.

ಸೂಜಿ ಚುಚ್ಚದ ಪರೀಕ್ಷೆಗಳು

ಹೆಚ್ಚು ಬಗೆಯ ಬೆಳಕು ಬಳಸಿ ಈ ವಿಷವನ್ನೇ ಅಳೆಯುವ 'ಪಲ್ಸ್ ಕೋ-ಆಕ್ಸಿಮೀಟರ್' 2005ರ ಸುಮಾರಿಗೆ ಬಳಕೆಗೆ ಬಂತು. ಉಸಿರು ಊದಿ ನೋಡುವ ಯಂತ್ರವೂ ಇದೆ. ಆದರೆ ಅದಕ್ಕೆ ರೋಗಿ ಸ್ವಲ್ಪ ಹೊತ್ತು ಉಸಿರು ಹಿಡಿದು ಊದಬೇಕು. ಪ್ರಜ್ಞೆ ತಪ್ಪಿದವರಿಂದ ಇದು ಆಗದು.

ಒಮ್ಮೆಗೇ ಹಲವರು ಅಸ್ವಸ್ಥರಾದಾಗ ಇವು ಉಪಯುಕ್ತ. ಹೆಚ್ಚಿನ ಅಂಕಿ ಬಂದರೆ ಅದು ಎಚ್ಚರಿಕೆಯ ಗಂಟೆ. ಆದರೆ ಕಡಿಮೆ ಅಂಕಿ ಬಂದರೆ 'ವಿಷವಿಲ್ಲ' ಎನ್ನುವಂತಿಲ್ಲ. ಬೆರಳ ತುದಿಯ ದಟ್ಟ ಕಪ್ಪು ಮೆಹಂದಿ, ನೇಲ್ ಪಾಲಿಶ್, ತಣ್ಣಗಾದ ಕೈ ಅಂಕಿಯನ್ನು ಕೆಡಿಸಬಹುದು. ಶಂಕೆಯಿರುವ ರೋಗಿಯಲ್ಲಿ ಈ ಕ್ಲಿಪ್‌ನಿಂದ ರೋಗ ನಿರ್ಣಯಿಸಬಾರದೆಂದು ಅಮೆರಿಕನ್ ಕಾಲೇಜ್ ಆಫ್ ಎಮರ್ಜೆನ್ಸಿ ಫಿಸಿಷಿಯನ್ಸ್ 2017ರ ಮಾರ್ಗಸೂಚಿಯಲ್ಲಿ ಹೇಳಿದೆ. ಖಚಿತಪಡಿಸುವುದು ರಕ್ತದ ಕಾರ್ಬಾಕ್ಸಿ-ಹಿಮೋಗ್ಲೋಬಿನ್ ಪರೀಕ್ಷೆ. ಅದಕ್ಕೆ ಸಾಮಾನ್ಯವಾಗಿ ಕೈಯ ರಕ್ತನಾಳದಿಂದ ತೆಗೆಯುವ ರಕ್ತವೇ ಸಾಕು.

ನೀವು ಏನು ಮಾಡಬೇಕು?

1. ಬಾಗಿಲು, ಕಿಟಕಿ ತೆರೆದು ಎಲ್ಲರನ್ನೂ ಕೂಡಲೇ ಹೊರಗಿನ ಗಾಳಿಗೆ ತನ್ನಿ. ನೀವೂ ಒಳಗೆ ನಿಲ್ಲಬೇಡಿ.

2. 108ಕ್ಕೆ ಕರೆ ಮಾಡಿ. ಹಾಲು, ಹುಣಸೆ ನೀರು, ಕಷಾಯ ಎಂದು ಹೊತ್ತು ಕಳೆಯಬೇಡಿ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ಇದಕ್ಕೆ ನನ್ನ ಬಳಿ ಮದ್ದಿಲ್ಲ, ಮದ್ದು ಆಮ್ಲಜನಕ. ಬರೀ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯಲು 4-5 ಗಂಟೆ ಬೇಕು. ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೇ ಅದು ಸಾಧ್ಯ.

3. ವೈದ್ಯರಿಗೆ ಇಷ್ಟು ಹೇಳಿ: ಮುಚ್ಚಿದ ಕೋಣೆಯಲ್ಲಿ ಕೆಂಡವಿತ್ತು, ಇಷ್ಟು ಹೊತ್ತು ಇದ್ದರು, ಇಷ್ಟು ಗಂಟೆಗೆ ಹೊರತಂದೆವು, ಇಷ್ಟು ಜನರಿಗೆ ತೊಂದರೆಯಾಗಿದೆ. ಹೊರಬಂದ ಮೇಲೆ ಅಂಕಿ ಇಳಿಯುತ್ತಾ ಹೋಗುವುದರಿಂದ ನಿಮ್ಮ ಈ ಮಾತು ಯಂತ್ರದಷ್ಟೇ ಮುಖ್ಯ.

4. ಬಸುರಿ ಇದ್ದರೆ ಮೊದಲೇ ತಿಳಿಸಿ. ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ಹೆಚ್ಚು.

5. ಗುಣವಾಗಿ ಬಂದ ಮೇಲೂ ಕೆಲವು ವಾರ ಗಮನಿಸಿ. ಮರೆವು, ಗೊಂದಲ, ಸ್ವಭಾವದಲ್ಲಿ ಬದಲಾವಣೆ ಕಂಡರೆ ಮತ್ತೆ ವೈದ್ಯರಿಗೆ ತೋರಿಸಿ.

ಮಲಗುವ ಮುನ್ನ ಮನೆಯಲ್ಲಿ ಬೆಂಕಿ ಉಳಿಸಬಾರದೆಂದು ಪ್ರವಾದಿ(ಸ)ರು ಕಲಿಸಿಕೊಟ್ಟಿದ್ದಾರೆ. ಇಂದು ರಾತ್ರಿ ಬಾಣಂತಿ ಕೋಣೆಯ ಕೆಂಡವನ್ನು ಹೊರಗಿಡಿ. ತಾಯಿ-ಮಗುವಿಗೆ ಇನ್ನೊಂದು ಕಂಬಳಿ ಹೊದಿಸಿ.