ಮೇಲುಕೋಟೆಗೆ ಬಂದೋರ ಮಧ್ಯಾಹ್ನ ನಿಮ್ಮ ತೋಟದಲ್ಲಿ

ಗೆಳೆಯರೇ, ಈ ವಾರ ಗೊಬ್ಬರದ ಮಾತಿಲ್ಲ. ನಮ್ಮ ಹೊಲದ ಪಕ್ಕದಲ್ಲೇ ದಾಟಿಹೋಗೋ ದುಡ್ಡಿನ ವಿಚಾರ.

ಭಾನುವಾರ ಬೆಂಗಳೂರಿಂದ ಬರೋ ಕಾರುಗಳನ್ನ ಗಮನಿಸಿ. ಬೆಳಿಗ್ಗೆ ರಂಗನತಿಟ್ಟಿನಲ್ಲಿ ದೋಣಿ, ಆಮೇಲೆ ತೊಣ್ಣೂರು ಕೆರೆ, ಮೇಲುಕೋಟೆ. ಇನ್ನು ಕೆಲವರು ಹೊಸಹೊಳಲಿನ ಲಕ್ಷ್ಮೀನಾರಾಯಣ, ನಾಗಮಂಗಲದ ಸೌಮ್ಯಕೇಶವ ನೋಡೋಕೆ ಹೋಗ್ತಾರೆ. ಮೇಲುಕೋಟೆ ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕಿರುತ್ತೆ. ಮಕ್ಕಳನ್ನ ಕಟ್ಕೊಂಡು ಬಂದೋರು ಆ ಹೊತ್ತು ಬಿಸಿಲಲ್ಲಿ ಏನು ಮಾಡಬೇಕು? ನಿಮ್ಮ ತೆಂಗಿನ ತೋಟದ ನೆರಳಿಗೆ ಬೆಲೆ ಬರೋದು ಆಗಲೇ. ರೆಸಾರ್ಟ್ ಕಟ್ಟೋಕೆ ಸಾಲ ಮಾಡಬೇಡಿ. ಮುದ್ದೆ, ಬಸ್ಸಾರು, ಎಳನೀರು ಸಾಕು. ಗೂಗಲ್ ಮ್ಯಾಪಲ್ಲಿ ತೋಟದ ಜಾಗ ಹಾಕಿ, ಮೊದಲೇ ಫೋನ್ ಮಾಡಿದೋರಿಗೆ ಮಾತ್ರ ಅಡುಗೆ ಮಾಡಿ.

ನಾನು ಮೊದಲ ಸಲ ಇಪ್ಪತ್ತು ಜನರನ್ನ ಕರೆದಿದ್ದೆ, ಶೌಚಾಲಯ ಇರಲಿಲ್ಲ. ಊಟಕ್ಕೆ ಮುಂಚೆಯೇ ಹೆಂಗಸರು ಹೊರಟುಬಿಟ್ಟರು, ಅವರ ಹಿಂದೆ ಉಳಿದವರೂ. ಮೊದಲು ಅದನ್ನ ಕಟ್ಟಿಸಿ. ಕೃಷಿಹೊಂಡಕ್ಕೆ ಬೇಲಿ ಹಾಕಿ.

ಹತ್ತಿರ ಆಲೆಮನೆ ನಡೀತಿದ್ರೆ ಕರ್ಕೊಂಡು ಹೋಗಿ, ಪಾಕ ನೋಡಿದೋರು ಬೆಲ್ಲ ಕೊಳ್ಳದೆ ಬರೋದು ಕಡಿಮೆ. ಕೊಪ್ಪರಿಗೆ ಹತ್ತಿರ ಮಕ್ಕಳನ್ನ ಬಿಡಬೇಡಿ. ಬಣ್ಣಕ್ಕೆ ಹೈಡ್ರೋಸ್ ಹಾಕೋ ಕಡೆ ಮಾತ್ರ ಬೇಡವೇ ಬೇಡ.

ಮಳೆಗಾಲದಲ್ಲಿ ಕೆ.ಆರ್.ಎಸ್. ತುಂಬಿ ಹೆಚ್ಚು ನೀರು ಬಿಟ್ಟರೆ ರಂಗನತಿಟ್ಟಿನ ದೋಣಿ ನಿಲ್ಲುತ್ತೆ, ಗುಂಪು ಒಪ್ಪಿಕೊಳ್ಳೋ ಮುಂಚೆ ವಿಚಾರಿಸಿ. ಮಾರ್ಚ್–ಏಪ್ರಿಲ್‌ನಲ್ಲಿ ವೈರಮುಡಿ ದಿನ ಊಟದ ಗುಂಪೇ ಬೇಡ, ಜನಸಂದಣಿಯಲ್ಲಿ ಅವರು ನಿಮ್ಮ ತೋಟ ತಲುಪೋಲ್ಲ. ಅವತ್ತು ರಸ್ತೆ ಬದಿ ಎಳನೀರು ಇಟ್ಕೊಳ್ಳಿ.