ಸೀಟು ಸಿಕ್ಕಿತು, ದುಡ್ಡಿನ ಲೆಕ್ಕ ಆಯಿತೇ?

ಅಮೆರಿಕದ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತೆಂದು ಸಿಹಿ ಹಂಚಲು ಬರುವ ಮಕ್ಕಳನ್ನು ಕಂಡರೆ ಹೆಮ್ಮೆಯಾಗುತ್ತದೆ. ಹೋಗು, ಚೆನ್ನಾಗಿ ಓದು. ಆದರೆ ಆ ಫೀಸನ್ನು ಯಾರು, ಯಾವಾಗ, ಎಲ್ಲಿಂದ ತಂದು ಕಟ್ಟುತ್ತಾರೆ ಎಂಬುದು ಟಿಕೆಟ್ ಮಾಡಿಸುವ ಮೊದಲೇ ಮನೆಮಂದಿಗೆಲ್ಲ ಗೊತ್ತಿರಬೇಕು. ಅದಕ್ಕೇ ಈ ಕಿವಿಮಾತು, ಮಗೂ.

• ವೀಸಾಕ್ಕಾಗಿ ಯೂನಿವರ್ಸಿಟಿ ಕೊಡುವ ಐ-20 ಪತ್ರವನ್ನು ಸಾವಧಾನವಾಗಿ ಓದು. ಒಂದು ಕಡೆ ಖರ್ಚು, ಇನ್ನೊಂದು ಕಡೆ ಹಣದ ಮೂಲ ಇರುತ್ತದೆ. ಖರ್ಚಿನ ತಲೆಬರಹದಲ್ಲಿ ಎಷ್ಟು ತಿಂಗಳೆಂದು ಬರೆದಿದೆ ನೋಡು. 9 ತಿಂಗಳೆಂದಿದ್ದರೆ ಬೇಸಿಗೆ ರಜೆಯ ಬಾಡಿಗೆ, ಊಟ ಅದರಲ್ಲಿ ಸೇರಿಲ್ಲ. ಎರಡನೇ ವರ್ಷದ ಖರ್ಚಂತೂ ಬೇರೆಯೇ.

• ನೆರವು ಬೇಕಿದ್ದರೆ ಅರ್ಜಿಯ ಜತೆಗೇ ಕೇಳು. ಅಮೆರಿಕ ಸರ್ಕಾರದ ವಿದ್ಯಾರ್ಥಿ ನೆರವು ನಿನ್ನಂತೆ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರಿಗಿಲ್ಲ. ಕಾಲೇಜೇ ತನ್ನ ಕೈಯಿಂದ ಕೊಡಬೇಕು. ಪಿಯುಸಿ ಮುಗಿಸಿ ಹೋಗುವವರಿಗೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ಗಳು ಮನೆಯ ಆದಾಯ ನೋಡದೆ ಸೀಟು ಕೊಡುತ್ತವೆ, ಕೊಟ್ಟ ಮೇಲೆ ಕೊರತೆ ತುಂಬುತ್ತವೆ. ಕೆಂಟಕಿಯ ಬೆರಿಯಾ ಕಾಲೇಜಿನಲ್ಲಿ ಬೋಧನಾ ಶುಲ್ಕವೇ ಇಲ್ಲ, ಬದಲಿಗೆ ಎಲ್ಲರೂ ಕ್ಯಾಂಪಸ್ಸಿನಲ್ಲಿ ದುಡಿಯಬೇಕು. ಇಂಥ ಕಡೆ ಪೈಪೋಟಿ ವಿಪರೀತ. ಇವನ್ನೇ ನಂಬಿ ಕೂರಬೇಡ.

• ಎಂ.ಎಸ್. ಬೇರೆ, ಪಿಎಚ್.ಡಿ. ಬೇರೆ. ವಿಜ್ಞಾನ, ಎಂಜಿನಿಯರಿಂಗ್ ಪಿಎಚ್.ಡಿ.ಗೆ ಸಾಮಾನ್ಯವಾಗಿ ಫೀಸು ಮನ್ನಾ ಆಗಿ, ಮೇಲೆ ಸ್ಟೈಪೆಂಡ್ ಬರುತ್ತದೆ. ಎಂ.ಎಸ್.ಗೆ ಹೆಚ್ಚಿನವರು ಕೈಯಿಂದಲೇ ಕಟ್ಟುತ್ತಾರೆ. ಹೋದ ಮೇಲೆ ಪಾಠಕ್ಕೋ ಸಂಶೋಧನೆಗೋ ನೆರವಾಗುವ ಅಸಿಸ್ಟೆಂಟ್‌ಶಿಪ್ ಸಿಕ್ಕರೆ ಸಂತೋಷ. ಸಿಕ್ಕೇ ಸಿಗುತ್ತದೆಂದು ಬಜೆಟ್ಟಿನಲ್ಲಿ ಬರೆಯಬೇಡ.

• ಸಾಲದ ಬಡ್ಡಿಯನ್ನು ಕಾಗದದ ಮೇಲೆ ಹಾಕಿ ನೋಡು. 40 ಲಕ್ಷ ಸಾಲಕ್ಕೆ ಶೇ. 10ರಂತೆ ವರ್ಷಕ್ಕೆ 4 ಲಕ್ಷ ಬಡ್ಡಿ. ಹಣವೆಲ್ಲ ಮೊದಲೇ ಪಡೆದು, ಎರಡೂವರೆ ವರ್ಷ ಏನೂ ಕಟ್ಟದಿದ್ದರೆ 10 ಲಕ್ಷ ಬೆಳೆದು ನಿಲ್ಲುತ್ತದೆ. ಆದ್ದರಿಂದ ಓದುವಾಗಲೇ ಬಡ್ಡಿಯಷ್ಟನ್ನಾದರೂ ಕಟ್ಟಲು ಮನೆಯಲ್ಲಿ ಸಾಧ್ಯವೇ ಎಂದು ಕೇಳು. ಅಪ್ಪ-ಅಮ್ಮ ಇರುವ ಮನೆಯನ್ನು ಅಡ ಇಡುವುದಾದರೆ ಅವರಿಗೆ ಪೂರ್ತಿ ಲೆಕ್ಕ ತೋರಿಸಿ, ಒಪ್ಪಿಗೆ ಪಡೆದೇ ಇಡು.

• ಊರಲ್ಲೇ ಸಿಗುವುದನ್ನು ಬಿಡಬೇಡ. 1892ರಿಂದ ನಡೆದುಬಂದಿರುವ ಜೆ.ಎನ್. ಟಾಟಾ ಎಂಡೋಮೆಂಟ್‌ನ ಸಾಲ-ವಿದ್ಯಾರ್ಥಿವೇತನವಿದೆ. ಕೆಲಸದ ಅನುಭವ ಇದ್ದವರಿಗೆ ಫುಲ್‌ಬ್ರೈಟ್-ನೆಹರು ಫೆಲೋಶಿಪ್ ಇದೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿದೇಶದ ಓದಿಗೆ ನೆರವು ಕೊಡುವ ಪ್ರಬುದ್ಧ ಯೋಜನೆಯನ್ನು ವಿಚಾರಿಸಿ. ಕೊನೆಯ ದಿನಾಂಕ ಮೊದಲೇ ಗುರುತು ಹಾಕಿಕೊ.

• ಕೂಡಿಟ್ಟಿದ್ದೇ ಹಣ, ತೋರಿಕೆಗೆ ತಂದದ್ದಲ್ಲ. ವೀಸಾಕ್ಕೆ ತೋರಿಸಲು ನಾಲ್ಕು ದಿನದ ಮಟ್ಟಿಗೆ ಬ್ಯಾಂಕಿಗೆ ಹಣ ಹಾಕಿಸಿಕೊಡುತ್ತೇವೆಂಬ ದಲ್ಲಾಳಿಗಳ ಹತ್ತಿರ ಸುಳಿಯಬೇಡ. ವೀಸಾಕ್ಕೆ ಸುಳ್ಳು ಕಾಗದ ಕೊಟ್ಟು ಸಿಕ್ಕಿಬಿದ್ದರೆ ಅಮೆರಿಕದ ಬಾಗಿಲು ಕಾಯಮ್ಮಾಗಿ ಮುಚ್ಚಬಹುದು.

• ಕೆಲಸ ಮಾಡು, ಕಾನೂನಿನೊಳಗೆ. ಕ್ಲಾಸು ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ, ಅಷ್ಟೇ. ಲೈಬ್ರರಿ, ಊಟದ ಹಾಲ್ ಯಾವುದಾದರೂ ಸರಿ, ನಾಚಿಕೆ ಬೇಡ. ಅದು ಕೈಖರ್ಚಿಗೆ ಆದೀತು, ಫೀಸಿಗಲ್ಲ. ಹೊರಗಿನ ಪೆಟ್ರೋಲ್ ಬಂಕು, ಹೋಟೆಲುಗಳಲ್ಲಿ ಕದ್ದುಮುಚ್ಚಿ ನಗದು ಸಂಬಳಕ್ಕೆ ದುಡಿದರೆ ವೀಸಾ, ಓದು ಎರಡೂ ಕೈತಪ್ಪುತ್ತವೆ.

• ಪೇ ಸ್ಲಿಪ್ ನೋಡುವುದನ್ನು ರೂಢಿಸಿಕೊ. ಎಫ್-1 ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಮೊದಲ 5 ಕ್ಯಾಲೆಂಡರ್ ವರ್ಷ ಸೋಷಿಯಲ್ ಸೆಕ್ಯೂರಿಟಿ, ಮೆಡಿಕೇರ್ ತೆರಿಗೆಗಳ ಕಡಿತ ಇಲ್ಲ. ಹಿಡಿದಿದ್ದರೆ ವಾಪಸು ಕೇಳು. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಂತೆ ನಮ್ಮ ವಿದ್ಯಾರ್ಥಿಗಳು ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ರಿಟರ್ನ್ ತುಂಬುವಾಗ ಮರೆಯಬೇಡ.

• ಸಾಲ ತೀರಿಸುವ ಲೆಕ್ಕವನ್ನು ಎರಡು ಸಲ ಮಾಡು. ಒಂದು, ಅಲ್ಲಿ ಕೆಲಸ ಸಿಕ್ಕರೆ. ಓದಾದ ಮೇಲೆ ಒಪಿಟಿ ಎಂಬ ಕೆಲಸದ ಅನುಮತಿ 12 ತಿಂಗಳು, ವಿಜ್ಞಾನ-ತಂತ್ರಜ್ಞಾನದವರಿಗೆ ಇನ್ನೂ 24 ತಿಂಗಳು. ಇನ್ನೊಂದು, ಕೆಲಸ ಸಿಗದೆ ಬೆಂಗಳೂರಿಗೆ ಮರಳಿ ಇಲ್ಲಿನ ಸಂಬಳದಲ್ಲಿ ಕಂತು ಕಟ್ಟಬೇಕಾಗಿ ಬಂದರೆ. ಎರಡನೆಯದೂ ತಾಳೆಯಾದರೆ ನಿಶ್ಚಿಂತೆಯಿಂದ ಹೊರಡು. ಆಗದಿದ್ದರೆ ಕಡಿಮೆ ಫೀಸಿನ ಸರ್ಕಾರಿ ಯೂನಿವರ್ಸಿಟಿ ನೋಡು, ಇಲ್ಲವೇ ಸೀಟನ್ನು ಮುಂದಿನ ವರ್ಷಕ್ಕೆ ಇಟ್ಟುಕೊಡುತ್ತಾರೆಯೇ ಎಂದು ಇವತ್ತೇ ಅಡ್ಮಿಷನ್ ಆಫೀಸಿಗೆ ಬರೆದು ಕೇಳು.